ಎರಡೂ ಕಡೆ ನೀರು

ಮಾವನ ಮನೆಯ ಹಿತ್ತಲಲ್ಲಿ ಆಳುದ್ದದ ಒಂದು ಗುಂಡಿಯಿತ್ತು. ಗುಂಡಿಗೆ ಅಡ್ಡಲಾಗಿ ಎರಡು ದಪ್ಪ ತೊಲೆ, ಅವುಗಳ ಮೇಲೆ ಉದ್ದಕ್ಕೆ ಮಲಗಿಸಿದ ದಿಮ್ಮಿ. ದಿಮ್ಮಿಯ ಮೇಲೆ ಒಬ್ಬ ನಿಲ್ಲಬೇಕು, ಗುಂಡಿಯೊಳಗೆ ಇನ್ನೊಬ್ಬ. ಇಬ್ಬರ ನಡುವೆ ಆಳಿಗಿಂತ ಉದ್ದದ ಗರಗಸ. ಮೇಲಿನವನು ಎತ್ತುತ್ತಾನೆ, ಕೆಳಗಿನವನು ಎಳೆಯುತ್ತಾನೆ. ಮರ ತುಂಡಾಗುವುದು ಎಳೆತಕ್ಕೆ. ಗೆರೆ ತಪ್ಪದಂತೆ ನೋಡಿಕೊಳ್ಳುವುದು ಮೇಲಿನವನ ಕೆಲಸ, ಹುಡಿಯೆಲ್ಲ ಮೈಮೇಲೆ ಸುರಿಸಿಕೊಳ್ಳುವುದು ಕೆಳಗಿನವನ ಪಾಲು.

ಮೂವತ್ತು ವರ್ಷ ಮೇಲೆ ನಿಂತವನು ಮಾವ, ಕೆಳಗೆ ನಿಂತವನು ಅವನ ಷಡ್ಡಕ. ಮಾವನಿಗೆ ಒಂದು ಚಾಳಿ. ಗರಗಸ ಎತ್ತುವಾಗಲೆಲ್ಲ ಬಾಯಿಂದ ಒಂದು ಮಾತು ಬಿಡಬೇಕು. ಆ ಮಾತಿಗೆ ಎರಡು ಅರ್ಥ ಇರಬೇಕು. ದೊಡ್ಡ ಮಾತಾದರೆ ಮೂರು ನಾಲ್ಕು ಸಲದ ಎತ್ತಿಗೆ ಹಂಚಿ ಹೇಳುತ್ತಿದ್ದ. ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ ಗುಂಡಿಯಿಂದ "ಹೊಹ್!" ಎಂದು ನಗು ಬರುತ್ತಿತ್ತು, ಗರಗಸ ಕೆಳಗಿಳಿಯುತ್ತಿತ್ತು. ಆ ದನಿ ಕೇಳಿದೊಡನೆ ಮಾವ ಕೈ ಸಡಿಲಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಹಲಗೆಯೂ ಗೆರೆ ದಾಟಿರಲಿಲ್ಲ. "ಇವನು ಮರವನ್ನೂ ಕುಯ್ತಾನೆ, ತಲೆಯನ್ನೂ ಕುಯ್ತಾನೆ" ಎಂದು ಊರಿನವರು ಬೈಯುತ್ತಿದ್ದರು. ಬೈದರೂ ಬಾಗಿಲಿಗೆ ಹಲಗೆ ಬೇಕಾದರೆ ಇಲ್ಲಿಗೇ ಬರುತ್ತಿದ್ದರು.

ಈ ಸಲ ಷಡ್ಡಕನ ಮೊಣಕಾಲು ಕೈಕೊಟ್ಟಿತು. ಗುಂಡಿಗೆ ಇಳಿದವನನ್ನು ಹತ್ತಿಸಲು ಇಬ್ಬರು ಬೇಕಾದರು. ಅವನ ಜಾಗಕ್ಕೆ ಬಂದವನು ಅಳಿಯ.

ಅಳಿಯ ಬಾವಿ ತೋಡುವವನು. ಕೊಳವೆಬಾವಿ ಕೊರೆಯುವ ಯಂತ್ರಗಳು ಬಂದ ಮೇಲೆ ಆ ಕೆಲಸ ನಿಂತುಹೋಗಿತ್ತು. ಗುಂಡಿ ಅವನಿಗೆ ಹೊಸದಲ್ಲ. ತೋಳಿನಲ್ಲಿ ಬಲವಿತ್ತು, ಕತ್ತಲೆಗೆ ಕಣ್ಣು ಪಳಗಿತ್ತು. ತೊಂದರೆಯಿದ್ದದ್ದು ಕಿವಿಯಲ್ಲಿ. ಬಾವಿ ತೋಡುವವರಲ್ಲಿ ಒಂದು ಮಾತಿಗೆ ಒಂದೇ ಅರ್ಥ. ಐವತ್ತು ಅಡಿ ಆಳದಲ್ಲಿ ನಿಂತು "ಎಳಿ" ಅಂದರೆ ಮೇಲಿನವನು ಹಗ್ಗ ಎಳೆಯಬೇಕು, "ತಡಿ" ಅಂದರೆ ನಿಲ್ಲಿಸಬೇಕು, "ಬಿಡು" ಅಂದರೆ ಬಿಡಬೇಕು. ಅಲ್ಲಿ ಯಾರಾದರೂ ಮಾತಿಗೆ ಎರಡನೇ ಅರ್ಥ ಹುಡುಕುತ್ತ ಕೂತರೆ ತಲೆಯ ಮೇಲೆ ಮಣ್ಣಿನ ಬುಟ್ಟಿ ಬೀಳುತ್ತದೆ. ಹದಿನೈದು ವರ್ಷ ಹೀಗೆ ಬದುಕಿದವನು ಅವನು.

ಸೋಮವಾರ ಬೆಳಿಗ್ಗೆ ಬಾಗಿಲು ಮಾಡುವ ಬಡಗಿ ಒಂದು ಮಾವಿನ ದಿಮ್ಮಿ ತಂದು ಇಳಿಸಿದ. ಆರು ಹಲಗೆಗೆ ನೂಲು ಹಿಡಿದು ಮಸಿಗೆರೆ ಹೊಡೆದದ್ದಾಯಿತು. ಮಾವ ಮೇಲೆ ಹತ್ತಿದ, ಅಳಿಯ ಕೆಳಗಿಳಿದ.

"ಮಾವಿನ ಮರ, ಮಾವನ ಕೈ. ಶುರು ಮಾಡೋಣ್ವಾ?" ಎಂದ ಮಾವ.

"ಹ್ಞೂಂ" ಎಂದ ಅಳಿಯ.

ಮಾವ ಸ್ವಲ್ಪ ಕಾದ. ಗುಂಡಿಯಿಂದ ಇನ್ನೇನೂ ಬರಲಿಲ್ಲ.

ಹತ್ತು ಎಳೆತ ಸರಿಯಾಗಿ ಹೋಯಿತು. ಮಾವನಿಗೆ ಬಾಯಿ ತುರಿಸತೊಡಗಿತು. "ಆ ಬಡಗಿ ಇದಾನಲ್ಲ, ಅವನ ಮಾತು ಬಿಡು..." ಎಂದು ಶುರುಮಾಡಿದನೋ ಇಲ್ಲವೋ, ಅಳಿಯ ಹಿಡಿ ಬಿಟ್ಟುಬಿಟ್ಟ. ಎತ್ತುವ ರಭಸಕ್ಕೆ ಗರಗಸ ಹಗುರಾಗಿ ಮೇಲೆ ಚಿಮ್ಮಿತು. ಮಾವ ದಿಮ್ಮಿಯ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಕುಣಿದು, ಮೂರನೆಯದಕ್ಕೆ ಜಾಗವಿಲ್ಲದೆ ಹುಡಿಯ ಗುಡ್ಡೆಯ ಮೇಲೆ ಕೂತ.

"ಯಾಕೋ ಬಿಟ್ಟೆ?"

"ನೀವೇ ಬಿಡು ಅಂದ್ರಿ."

"ನಾನು ಬಡಗಿ ಮಾತು ಬಿಡು ಅಂದೆ ಮಾರಾಯ!"

"ಗರಗಸದ ಮಾತು ಬೇರೆ, ಬಡಗಿ ಮಾತು ಬೇರೆ ಅಂತ ಗುಂಡಿಗೆ ಹೇಗೆ ಗೊತ್ತಾಗಬೇಕು ಮಾವ?"

ಮಾವ ಎದ್ದು ಹಿಂಬದಿ ಝಾಡಿಸಿಕೊಂಡ. ಅವನು ಖುಷಿಯಲ್ಲಿದ್ದಾಗ ಅಳಿಯನನ್ನು "ಲೋ" ಎನ್ನುತ್ತಿದ್ದ, ಸಿಟ್ಟು ಬಂದರೆ ಬಹುವಚನಕ್ಕೆ ಏರುತ್ತಿದ್ದ. "ಅಳಿಯಂದಿರೇ, ಈ ಗರಗಸಕ್ಕೆ ನೂರಿಪ್ಪತ್ತು ಹಲ್ಲಿವೆ, ನಗೋಕೆ ಬರಲ್ಲ. ನಿಮಗೆ ಮೂವತ್ತೆರಡಿವೆ, ನೀವೂ ಅದರ ಜೊತೆ ಸೇರ್ಕೊಂಡ್ರಾ?"

ಅಳಿಯ ನಾಲಗೆಯಿಂದ ಹಲ್ಲು ಮುಟ್ಟಿ ಎಣಿಸಿದ. "ಮೂವತ್ತೊಂದು" ಎಂದ.

ಮಂಗಳವಾರವೂ ಇದೇ ಕಥೆ. ಮಾವ ಮಾತು ಬಿಟ್ಟು ನಗುವಿಗೆ ಕಾಯುತ್ತಿದ್ದ. ನಗು ಬರುತ್ತಿರಲಿಲ್ಲ, ಎಳೆತ ಮಾತ್ರ ಬರುತ್ತಿತ್ತು. ಯಾವಾಗ ಬರುತ್ತದೆಂದು ತಿಳಿಯದೆ ಮಾವನ ಕೈ ಗಟ್ಟಿಯಾಗಿ ಹಿಡಿದೇ ಇರುತ್ತಿತ್ತು. ಗರಗಸ ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ. ಸಂಜೆ ಬಡಗಿ ಬಂದು ಮೊದಲ ಹಲಗೆಗೆ ಕಣ್ಣು ಹಿಡಿದು ನೋಡಿದ.

"ಇದೇನು ಹಲಗೆನಾ, ಹಾವು ಮಲಗಿದೆಯಾ?"

"ಹೊಸ ಕೈ" ಎಂದ ಮಾವ.

"ಹೊಸ ಕೈನ ಹಳೇ ಮರದ ಮೇಲೆ ಪಳಗಿಸು. ನನಗೆ ಶನಿವಾರ ಐದು ಹಲಗೆ ನೆಟ್ಟಗೆ ಬೇಕು. ಇಲ್ಲ ಅಂದ್ರೆ ದಿಮ್ಮೀನ ಟ್ರ್ಯಾಕ್ಟರಿಗೆ ಹೇರಿ ಮಿಲ್ಲಿಗೆ ಕಳಿಸ್ತೀನಿ. ಆಮೇಲೆ ಮುಂದಿನ ದಿಮ್ಮಿಗಳೂ ಅಲ್ಲಿಗೇ."

ಅವನು ಹೋದ ಮೇಲೆ ಮಾವ ಬಹುವಚನವನ್ನೂ ಬಳಸಲಿಲ್ಲ. ಮೆಲ್ಲಗೆ ಹೇಳಿದ, "ಮೂಗನ ಜೊತೆ ಗರಗಸ ಎಳೆಯೋಕೆ ನನ್ನಿಂದ ಆಗಲ್ಲ ಕಣೋ. ಶನಿವಾರದ ತನಕ ನೋಡೋಣ. ಆಗ್ಲಿಲ್ಲ ಅಂದ್ರೆ, ಬಂಡೆ ಒಡೆಯೋರ ಗುಂಪು ಆಳು ಹುಡುಕ್ತಿದೆಯಂತೆ."

ಬಂಡೆ ಒಡೆಯುವವರ ಗುಂಪೆಂದರೆ ಎರಡು ತಿಂಗಳಿಗೊಮ್ಮೆ ಮನೆ. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಳು. ಹೆಂಡತಿ ಒಲೆಯ ಮುಂದೆ. ಅಳಿಯ ಹೊಸ್ತಿಲ ಮೇಲೆ ಕೂತು ತಲೆಯ ಹುಡಿ ಕೊಡವಿಕೊಳ್ಳುತ್ತ ನಡೆದದ್ದನ್ನು ಹೇಳಿದ.

"ನಿಮಗೆ ಅಪ್ಪನ ಮಾತು ಕೇಳಿಸುತ್ತೆ ತಾನೆ?" ಎಂದಳು ಹೆಂಡತಿ.

"ಕೇಳಿಸುತ್ತೆ. ಕೇಳಿಸಿದ್ದಕ್ಕೆ ಏನು ಮಾಡ್ಬೇಕು ಗೊತ್ತಾಗಲ್ಲ."

ಅವಳು ಸೌಟು ಕೆಳಗಿಟ್ಟಳು. ಚಿಕ್ಕಂದಿನಿಂದ ಗುಂಡಿಯ ಪಕ್ಕದಲ್ಲೇ ಆಡಿ ಬೆಳೆದವಳು, ಮಾತಿನ ಆ ಕಸುಬು ಅವಳಿಗೆ ಕಲಿಸದೆ ಬಂದಿತ್ತು. "ಒಂದು ಸಲ ಬಡಗಿ ಬಂದು ಹಲಗೆ ಎಷ್ಟಿವೆ ಅಂತ ಕೇಳಿದ್ದ. ಅಪ್ಪ 'ಆರಿವೆ' ಅಂದ್ರು. ಬಡಗಿ ಗಾಡಿ ತಂದ. ಆಗ ಅಪ್ಪ, 'ಆರಿವೆ, ಆದ್ರೆ ಇನ್ನೂ ಆರಿಲ್ಲ' ಅಂದ್ರು. ಈಗ ಹೇಳಿ, ಆರಿವೆ ಅಂದ್ರೇನು?"

"ಆರು ಇವೆ."

"ಬಟ್ಟೆ ಒಗೆದು ಹಾಕಿ, ಸಂಜೆ ಮುಟ್ಟಿ ನೋಡಿ ನಾನು 'ಆರಿವೆ' ಅಂದ್ರೆ?"

"ಒಣಗಿವೆ."

"ನೋಡಿ! ನಿಮಗೆ ಎರಡೂ ಗೊತ್ತು. ಒಟ್ಟಿಗೆ ಗೊತ್ತಿಲ್ಲ ಅಷ್ಟೆ."

"ಒಟ್ಟಿಗೆ ಯಾಕೆ ಗೊತ್ತಿರ್ಬೇಕು? ಹಗ್ಗದ ಹತ್ತಿರ ನಿಂತವನಿಗೆ ಬಟ್ಟೆ ಮಾತು, ಎಣಿಸೋನಿಗೆ ಎಣಿಕೆ ಮಾತು."

"ಆಟ ಇರೋದೇ ಅಲ್ಲಿ. ಕೇಳೋನನ್ನ ಎಣಿಕೆ ಬಾಗಿಲಲ್ಲಿ ನಿಲ್ಲಿಸಿ, ಬಟ್ಟೆ ಬಾಗಿಲಿಂದ ಕೂಗಬೇಕು. ಅವನು ಗಕ್ಕನೆ ತಿರುಗ್ತಾನಲ್ಲ, ಆ ತಿರುಗೋದ್ರಲ್ಲಿ ನಗು ಬರುತ್ತೆ."

ಅಳಿಯ ಯೋಚಿಸಿದ. "ಬಡಗಿಗೆ ನಗು ಬಂತಾ?"

"ಗಾಡಿ ಬಾಡಿಗೆ ದಂಡ ಆಯ್ತಲ್ಲ, ಅವನಿಗೆಲ್ಲಿಂದ ಬರುತ್ತೆ? ಪಕ್ಕದಲ್ಲಿ ನಿಂತಿದ್ದ ನಮಗೆ ಬಂತು."

ಅಷ್ಟರಲ್ಲಿ ಮಾವ ಒಳಗೆ ಬಂದ. ಈರುಳ್ಳಿಯ ಘಾಟು ಅವನ ಕಣ್ಣಿಗೂ ತಾಗಿತು. ಸೋತ ಮುಖದಲ್ಲೂ ಚಾಳಿ ಬಿಡಲಿಲ್ಲ. "ನಿಮ್ಮತ್ತೆ ಈರುಳ್ಳಿ ಹೆಚ್ಚಿ ಅತ್ತಳು. ಅವಳನ್ನ ನೋಡಿ ನಾನೂ ಅತ್ತೆ."

"ಅವರು ಅತ್ತೆ. ನೀವು ಮಾವ" ಎಂದ ಅಳಿಯ, ಗೌರವದಿಂದ.

ಮಾವ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಇದು ಹಾಸ್ಯವೋ, ತಿದ್ದುಪಡಿಯೋ? ಅಳಿಯನ ಮುಖದಲ್ಲಿ ತಿದ್ದುಪಡಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಾವ ನೀರು ಕುಡಿದು ಹೊರಗೆ ಹೋದ. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಒಲೆಯ ಪಕ್ಕ ಕುಸಿದು ಕೂತಳು. ಅತ್ತೆ ಈಳಿಗೆಯಿಂದ ತಲೆ ಎತ್ತದೆ, "ಮದುವೆಯಾದ ಹೊಸದರಲ್ಲಿ ನಾನೂ ಹೀಗೇ ನಗ್ತಿದ್ದೆ. ಎರಡನೇ ವರ್ಷಕ್ಕೆ ನಿಂತಿತು. ನೀವು ಬೆಳಿಗ್ಗೆ ಎದ್ದು ಚಿಕ್ಕಮಾವನ್ನ ಕೇಳಿ. ಮೂವತ್ತು ವರ್ಷ ಹೇಗೆ ನಕ್ಕರೋ ಅವರಿಗೇ ಗೊತ್ತು" ಎಂದಳು.

ಬುಧವಾರ ಬೆಳಕು ಹರಿಯುವಾಗ ಅಳಿಯ ಹಾಲಿನ ತಂಬಿಗೆ ಹಿಡಿದು ಚಿಕ್ಕಮಾವನ, ಅಂದರೆ ಮಾವನ ಷಡ್ಡಕನ, ಮನೆಗೆ ಹೋದ. ಮುದುಕ ಜಗಲಿಯಲ್ಲಿ ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ.

"ಚಿಕ್ಕಮಾವ, ಮಾವನ ಮಾತಿಗೆ ಸರಿಯಾದ ಹೊತ್ತಿಗೆ ಹೇಗೆ ನಗ್ತಿದ್ರಿ?"

"ನಗೋದಾ? ಯಾರು?"

"ನೀವು. ಹೊಹ್ ಅಂತ."

ಚಿಕ್ಕಮಾವ ಎಣ್ಣೆಯ ಕೈ ಎತ್ತಿ ಬೀದಿಯ ಎರಡೂ ಕಡೆ ನೋಡಿದ. ಆಮೇಲೆ ಅಳಿಯನನ್ನು ಹತ್ತಿರ ಕರೆದ. "ಅದು ನಗು ಅಲ್ಲ ಕಣೋ, ಉಸಿರು. ಅಷ್ಟು ದೊಡ್ಡ ಗರಗಸ ಎಳೆದ್ರೆ ಯಾರಿಗಾದ್ರೂ ಹೊಹ್ ಅನ್ನುತ್ತೆ. ನನಗೆ ಅವನ ಮಾತು ಕೇಳಿಸ್ತಾನೇ ಇರಲಿಲ್ಲ."

"ಅಂದ್ರೆ?"

"ಮೊದಲನೇ ವಾರವೇ ಕಿವಿಗೆ ಹುಡಿ ಬಿದ್ದು ಸೋರೋಕೆ ಶುರುವಾಯ್ತು. ಆವತ್ತಿಂದ ಎರಡೂ ಕಿವಿಗೆ ಹತ್ತಿ ತುರುಕಿ ಮೇಲೆ ಟವಲ್ ಸುತ್ಕೊಳ್ತಿದ್ದೆ. ಗುಂಡೀಲಿ ನನಗೆ ಗರಗಸದ ಸದ್ದು ಕೂಡ ಪಕ್ಕದ ಊರಲ್ಲಿ ಕುಯ್ದ ಹಾಗೆ ಕೇಳಿಸ್ತಿತ್ತು."

ಅಳಿಯ ತಂಬಿಗೆ ಕೆಳಗಿಟ್ಟ. "ಮೂವತ್ತು ವರ್ಷ?"

"ಮೂವತ್ತು ವರ್ಷ. ಒಂದು ಸಲ ನನ್ನ ಮಗನ ಮದುವೇಲಿ ಇಡೀ ಪಂಕ್ತಿಗೆ ಕೇಳೋ ಹಾಗೆ ಅಂದ, ನನ್ನ ಮಾತಿನ ರುಚಿ ಗೊತ್ತಿರೋದು ನನ್ನ ಷಡ್ಡಕನಿಗೊಬ್ಬನಿಗೇ ಅಂತ. ಆವತ್ತು ಹೇಳ್ಬಿಡಬೇಕಿತ್ತು. ಬಾಯಿ ತನಕ ಬಂತು, ನುಂಗ್ಕೊಂಡೆ. ನೀನೂ ಹೇಳ್ಬೇಡ."

"ಅವರು ನೇರವಾಗಿ ಕೇಳಿದ್ರೆ?"

"ಯಾರಾದ್ರೂ ಕೇಳ್ತಾರೇನೋ ಅದನ್ನ? ತಗೋ." ಚಿಕ್ಕಮಾವ ತಲೆದಿಂಬಿನ ಹರಿದ ಮೂಲೆಯಿಂದ ಎರಡು ಉಂಡೆ ಹತ್ತಿ ಕಿತ್ತು ಕೊಟ್ಟ.

ಆ ದಿನ ಗುಂಡಿಗಿಳಿದ ಅಳಿಯ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿದ. ಮೇಲೆ ಮಾವನ ಗಡ್ಡ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಗರಗಸದ ತೂಕ ಕೈಗೆ ಬಂದಾಗ ಎಳೆದು, ಎದೆಯಿಂದ "ಹೊಹ್!" ಎಂದ. ಮೊದಲ ಸಲಕ್ಕೆ ಮಾವನ ಕಾಲು ದಿಮ್ಮಿಯ ಮೇಲೆ ನಿಂತುಬಿಟ್ಟಿತು. ಎರಡನೆಯ ಹೊಹ್‌ಗೆ ಆ ಕಾಲು ತಾಳ ಹಿಡಿಯಿತು. ಗರಗಸ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಸಂಜೆಯೊಳಗೆ ಒಂದೂವರೆ ಹಲಗೆ, ದಾರ ಹಿಡಿದಂತೆ ನೆಟ್ಟಗೆ. ಮಾವ ಊಟಕ್ಕೆ ಕೂತಾಗ, "ಲೋ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ಯಲ್ಲೋ!" ಎಂದು ಅಳಿಯನ ಬೆನ್ನಿಗೆ ಗುದ್ದಿದ. ಅಳಿಯ ತಲೆ ತಗ್ಗಿಸಿ ಅನ್ನ ಕಲಸಿದ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ಹಲಗೆಯ ಅರ್ಧ ಮುಗಿದಿತ್ತು. ಬೆವರಿಗೆ ಹತ್ತಿ ತೊಯ್ದು ಕಿವಿ ತುರಿಸತೊಡಗಿತು. ಜೊತೆಗೆ ಇನ್ನೊಂದು ತುರಿಕೆ. ಎರಡು ದಿನದಿಂದ ತಾನು ಯಾವುದಕ್ಕೆ ಹೊಹ್ ಅನ್ನುತ್ತಿದ್ದೇನೆ? ಹೆಂಡತಿ ಹೇಳಿದ ಎರಡು ಬಾಗಿಲು ತಲೆಯಿಂದ ಹೋಗಿರಲಿಲ್ಲ. ಅವನು ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ.

ಗರಗಸ ಒಂದು ಗಂಟಿಗೆ ಬಂದು ಕಿರುಗುಟ್ಟಿತು. ಮೇಲಿಂದ ಮಾವ ಎತ್ತೆತ್ತಿಗೂ ಒಂದೊಂದು ತುಂಡು ಬಿಟ್ಟ.

"ಮರದಲ್ಲಿ ಗಂಟು ಸಿಕ್ಕಿದರೆ..."

ಎಳೆತ.

"ಗರಗಸ ಕೆಡುತ್ತೆ..."

ಎಳೆತ.

"ದಾರೀಲಿ ಗಂಟು ಸಿಕ್ಕಿದರೆ..."

ಎಳೆತ.

"ಮನುಷ್ಯ ಕೆಡ್ತಾನೆ."

ಅಳಿಯನ ಕಣ್ಣೆದುರು ಮರದ ಗಂಟಿತ್ತು, ಕಂದು ಬಣ್ಣದ್ದು, ಕಲ್ಲಿನಂಥದ್ದು. ಅದರ ಹಿಂದೆಯೇ ದಾರಿಯ ಮಧ್ಯೆ ಯಾರೋ ಬೀಳಿಸಿಹೋದ ದುಡ್ಡಿನ ಗಂಟು ಕಂಡಿತು. ಎರಡೂ ಒಂದೇ ಹೊತ್ತಿಗೆ. ಎರಡೂ ನಿಜ. ಬಾವಿಯಲ್ಲಿ ಗುದ್ದಲಿಯ ಕೆಳಗಿನ ಮಣ್ಣು ಇದ್ದಕ್ಕಿದ್ದಂತೆ ಒದ್ದೆಯಾಗುತ್ತದಲ್ಲ, ಹಾಗಾಯಿತು. ಅವನು ಗರಗಸ ಹಿಡಿದುಕೊಂಡೇ ನಿಂತು ನಕ್ಕ. ಹೊಹ್ ಅಲ್ಲ. ತೊದಲು ತೊದಲಾಗಿ, ಕತ್ತೆಮರಿ ಕೂಗಿದಂತೆ, ನಿಲ್ಲದೆ.

ಮಾವ ಗಾಬರಿಯಾಗಿ ಬಗ್ಗಿ ನೋಡಿದ. "ಏನಾಯ್ತೋ? ಕೈಗೆ ತಾಗ್ತಾ?"

"ಇಲ್ಲ ಮಾವ. ಇದು ಚೆನ್ನಾಗಿದೆ. ಎರಡೂ ಕಡೆ ನೀರು ಬಂತು."

ಮಾವನ ಮುಖ ಅರಳಿತು. ಎಂದೂ ಯಾರೂ ಅವನಿಗೆ ಹೀಗೆ ಹೇಳಿರಲಿಲ್ಲ. ಹುರುಪಿನಲ್ಲಿ ಗರಗಸ ಎತ್ತಿ ಇನ್ನೊಂದು ಬಿಟ್ಟ. "ತೊಲೆ ಕುಯ್ದು ಮುಗಿದ ಮೇಲೆ ತೊಲಗಬೇಕಪ್ಪಾ!"

"ಇದು ಚೆನ್ನಾಗಿಲ್ಲ."

ಗರಗಸ ನಿಂತಿತು. "ಏನಂದೆ?"

"ತೊಲೆಗೂ ತೊಲಗೋದಕ್ಕೂ ಸಂಬಂಧ ಇಲ್ಲ ಮಾವ. ಬರೀ ಸದ್ದು ಒಂದೇ ಥರ ಇದೆ. ಒಂದು ಕಡೆ ಅಗೆದ್ರೆ ನೀರು ಸಿಕ್ತು, ಇನ್ನೊಂದು ಕಡೆ ಒಣಮಣ್ಣು."

ಮಾವ ದಿಮ್ಮಿಯಿಂದ ಇಳಿದು ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ. "ನಿನ್ನೆ ಇದನ್ನೇ ಹೇಳಿದಾಗ ಹೊಹ್ ಅಂದ್ಯಲ್ಲ?"

ಅಳಿಯ ಮೇಲೆ ನೋಡಿದ. ಮಾತು ನೇರವಾಗಿ ಬಂದಿತ್ತು. ಅದಕ್ಕೆ ಒಂದೇ ಅರ್ಥವಿತ್ತು. "ನಿನ್ನೆ ಕೇಳಿಸಲಿಲ್ಲ. ಕಿವೀಲಿ ಹತ್ತಿ ಇತ್ತು."

"ಹತ್ತಿ ಇಟ್ಕೊಂಡು ನಗೋದನ್ನ ಯಾರು ಹೇಳಿಕೊಟ್ರು ನಿನಗೆ?"

ಅಳಿಯ ಬಗ್ಗಿ ಕಾಲಬುಡದ ಹುಡಿ ಸರಿಸತೊಡಗಿದ. ಅಷ್ಟೇ ಮಾವನಿಗೆ ಸಾಕಾಯಿತು. ಅವನು ಎದ್ದು ಚಪ್ಪಲಿ ಮೆಟ್ಟಿ ಷಡ್ಡಕನ ಮನೆಯ ದಿಕ್ಕಿಗೆ ನಡೆದ. ಗರಗಸ ದಿಮ್ಮಿಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡು ನಿಂತಿತು.

ಸಂಜೆ ವಾಪಸು ಬಂದ ಮಾವ ಸೀದಾ ಊಟಕ್ಕೆ ಕೂತ. ಅತ್ತೆ ಬಡಿಸಿದಳು, ಅವನು ಉಂಡ. ಉಪ್ಪು ಕಡಿಮೆಯಾಗಿತ್ತು. ಉಪ್ಪಿನ ಮೇಲೆ ಅವನ ಹತ್ತಿರ ಕಡಿಮೆಯೆಂದರೂ ನಾಲ್ಕು ಮಾತಿದ್ದವು, ಒಂದನ್ನೂ ತೆಗೆಯಲಿಲ್ಲ. ಅತ್ತೆ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಹೆಂಡತಿ ಗಂಡನ ಬಟ್ಟೆಗಳನ್ನು ಮಡಿಸಿ ಒಂದು ಚೀಲದ ಪಕ್ಕ ಇಟ್ಟಳು. ಚೀಲದೊಳಗೆ ಹಾಕಲು ಕೈ ಬರಲಿಲ್ಲ.

"ಸುಳ್ಳು ಹೇಳೋಕಾಗ್ತಿರಲಿಲ್ವಾ ನಿಮಗೆ?"

"ಅವರು ನೇರವಾಗಿ ಕೇಳಿದ್ರಲ್ಲೇ" ಎಂದ ಅವನು.

ಶುಕ್ರವಾರ ಬೆಳಿಗ್ಗೆ ಅವನು ಹಿತ್ತಲಿಗೆ ಹೋದಾಗ ಮಾವ ಆಗಲೇ ದಿಮ್ಮಿಯ ತುದಿಯಲ್ಲಿ ಕೂತು, ಗರಗಸವನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಹಲ್ಲಿಗೆ ಅರ ಉಜ್ಜುತ್ತಿದ್ದ. ಒಂದು ಹಲ್ಲು, ಇನ್ನೊಂದು ಹಲ್ಲು. ತಲೆ ಎತ್ತದೆ ಶುರುಮಾಡಿದ.

"ನಿಜ ಅಂತ ಒಪ್ಕೊಂಡ. ಕಣ್ಣಲ್ಲಿ ನೀರು ಹಾಕ್ಕೊಂಡ. ನಾನು ಬೈದೆ. ಆಮೇಲೆ ಅವನ ಮೊಣಕಾಲಿಗೆ ಎಣ್ಣೆ ತಿಕ್ಕಿ ಬಂದೆ."

ಅಳಿಯ ಕೈಕಟ್ಟಿ ನಿಂತಿದ್ದ.

"ಮಲಗಿದ್ದಾಗ ಯೋಚನೆ ಬಂತು. ದಿನಕ್ಕೆ ಹತ್ತು ಮಾತು ಕಟ್ಟಿದೆ ಅಂತ ಇಟ್ಕೋ. ವರ್ಷಕ್ಕೆ ಇನ್ನೂರು ದಿನ ಕೆಲಸ. ಎಷ್ಟಾಯ್ತು?"

"ಎರಡು ಸಾವಿರ."

"ಮೂವತ್ತು ವರ್ಷಕ್ಕೆ?"

"ಅರವತ್ತು ಸಾವಿರ."

"ಅರವತ್ತು ಸಾವಿರ!" ಮಾವ ಅರ ಕೆಳಗಿಟ್ಟ. "ಒಂದೂ ಗುಂಡಿಯ ಕಿವಿಗೆ ಬಿದ್ದಿಲ್ಲ. ಕಿವಿಗೇ ಬೀಳದ ಮಾತು ಹಳೇದು ಹೇಗಾಗುತ್ತೋ? ಎಲ್ಲಾ ಹೊಸವು! ಪೆಟ್ಟಿಗೇಲಿ ಮಡಿಸಿಟ್ಟ ಹಾಗೆ ಇವೆ!" ಅವನ ಕಣ್ಣಿನಲ್ಲಿ ಹಸಿದವನ ಹೊಳಪಿತ್ತು. "ಇಳಿ ಗುಂಡಿಗೆ. ಆದ್ರೆ ಒಂದು ಷರತ್ತು. ಯಾವುದು ಚೆನ್ನಾಗಿದೆ, ಯಾವುದು ಇಲ್ಲ, ಹೇಳ್ಬೇಕು. ಗರಗಸ ನಿಲ್ಲಿಸ್ಬೇಡ. ಎಳೆಯುವಾಗಲೇ ಹೇಳು."

"ಅಷ್ಟುದ್ದ ಮಾತು ಎಳೆಯೋವಾಗ ಆಗಲ್ಲ ಮಾವ. ಒಂದೇ ಪದ ಆದ್ರೆ ಆಗುತ್ತೆ. ನೀರು. ಇಲ್ಲ ಅಂದ್ರೆ ಮಣ್ಣು."

"ಅದೂ ಅಲ್ಲ, ಇದೂ ಅಲ್ಲ ಅನ್ನೋ ಥರ ಇದ್ರೆ?"

ಅಳಿಯ ಯೋಚಿಸಿದ. "ಕೆಸರು."

ಕೆಲಸ ಶುರುವಾಯಿತು. ಮಾವ ಮೊದಲನೇ ವರ್ಷದ ಮೊದಲನೆಯದನ್ನು ತೆಗೆದ. ಮದುವೆಯಾದ ತಿಂಗಳು ಮಾಡಿದ್ದು, ಅವನಿಗೆ ಪಂಚಪ್ರಾಣ. "ಹಲಗೆ ಹೊರೋನಿಗೆ ಹೊರೆ, ಹೊರದೋನಿಗೆ ಹೊರಗೆ!"

"ಮಣ್ಣು!" ಗರಗಸ ಇಳಿಯಿತು.

"ಸರಿಯಾಗಿ ಕೇಳಿಸ್ಕೊಂಡ್ಯಾ?"

"ಮಣ್ಣು!"

ಮಾವ ನಾಲ್ಕು ಸಲ ಬರೀ ಗರಗಸ ಎತ್ತಿದ. ಆಮೇಲೆ, "ಮರ ಹತ್ತು ಅಂದ್ರೆ ಏರಬೇಕಾ, ಎಣಿಸಬೇಕಾ?"

"ನೀರು!"

"ಕಾಡಲ್ಲಿದ್ದಷ್ಟು ದಿನ ಮರ ಯಾರನ್ನೂ ಕಾಡಲಿಲ್ಲ!"

"ನೀರು!"

"ಅಳಿಯ ಅಂದ್ರೆ ಅಳಿಯದವನು!"

"ಕೆಸರು! ಗುಂಡೀಲಿ ನಿಂತವನ ಹತ್ತಿರ ಸಾವಿನ ಮಾತು ಆಡ್ಬಾರ್ದು!"

"ಒಂದೇ ಪದ ಅಂದಿದ್ಯಲ್ಲೋ!"

"ಎಳೀರಿ ಮಾವ!"

"ಎಳೆಯೋನು ನೀನು, ನಾನು ಎತ್ತೋನು!"

ದನಿ ಕೇಳಿದೊಡನೆ ಮಾವನ ಕೈ ಸಡಿಲವಾಗುತ್ತಿತ್ತು. ನೀರಾದರೂ ಸರಿ, ಮಣ್ಣಾದರೂ ಸರಿ, ಗರಗಸಕ್ಕೆ ಎರಡೂ ಒಂದೇ. ಹುಡಿ ಸುರಿಯಿತು, ಗರಗಸ ಗೆರೆ ಬಿಟ್ಟು ಅಲುಗಲಿಲ್ಲ. ಮಣ್ಣು ಬಿದ್ದಾಗ ಮಾವ ಹಟಕ್ಕೆ ಬಿದ್ದು ಮುಂದಿನದನ್ನು ಬೇಗ ತೆಗೆಯುತ್ತಿದ್ದ, ಗರಗಸವೂ ಬೇಗ ಓಡುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಹೆಂಡತಿ ಗುಂಡಿಯ ಅಂಚಿನಲ್ಲಿ ನಿಂತು ಎರಡು ಮಣ್ಣು, ಒಂದು ಕೆಸರು ಕೇಳಿಸಿಕೊಂಡು, ಒಳಗೆ ಹೋಗಿ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ನೇತುಹಾಕಿದಳು.

ಶನಿವಾರ ಇಳಿಹೊತ್ತಿಗೆ ಬಡಗಿ ಬಂದ. ಐದು ಹಲಗೆ ಗೋಡೆಗೆ ಒರಗಿ ನಿಂತಿದ್ದವು. ಒಂದೊಂದಕ್ಕೂ ಕಣ್ಣು ಹಿಡಿದು, ಅಂಗೈ ಸವರಿ ನೋಡಿದ. ಹುಳುಕು ತೆಗೆಯಲು ಎಲ್ಲೂ ಸಂದು ಸಿಗಲಿಲ್ಲ.

"ಪರವಾಗಿಲ್ಲ" ಎಂದ. ಅವನ ಬಾಯಲ್ಲಿ 'ಪರವಾಗಿಲ್ಲ' ಅಂದರೆ ಬಹಳವಾಯಿತು. "ಸೋಮವಾರ ಇನ್ನೆರಡು ದಿಮ್ಮಿ ಕಳಿಸ್ತೀನಿ. ಕೆಳಗೆ ಇವನೇ ಇರ್ತಾನಾ? ಇಲ್ಲ, ಮತ್ತೆ ಬೇರೆ ಹೊಸ ಕೈ ತರ್ತೀಯಾ?"

ಗುಂಡಿಯಿಂದ ಹತ್ತುತ್ತಿದ್ದ ಅಳಿಯ ಏಣಿಯ ಮೇಲೆ ಅಲ್ಲೇ ನಿಂತ. ಮಾವ ಗರಗಸಕ್ಕೆ ಎಣ್ಣೆ ಬಟ್ಟೆ ಸುತ್ತುತ್ತಿದ್ದವನು ಬಡಗಿಯ ಕಡೆ ತಿರುಗಿದ.

"ಇವನನ್ನ ಎಲ್ಲಿಗೆ ಬಿಡ್ಲಿ? ಇನ್ನೂ ಮೊದಲನೇ ವರ್ಷದ್ದೇ ಮುಗಿದಿಲ್ಲ."